ಜುಲೈನಲ್ಲಿ ಶಿರಾಡಿ–ಆಗುಂಬೆ ಸವಾರಿ: ಹೊರಡೋ ಮುಂಚೆ ಮಳೆ ಗೇರ್ ಟೆಸ್ಟ್ ಮಾಡೋದು ಹೇಗೆ?

ಮಳೆದಾರಿ

ಎಲ್ಲರಿಗೂ ನಮಸ್ಕಾರ. ಜುಲೈ ಮೂರನೇ ವಾರ 350 ಸಿಸಿ ಬೈಕಲ್ಲಿ ನಾಲ್ಕು ದಿನದ ಸವಾರಿ ಇದೆ. ಬೆಂಗಳೂರು, ಹಾಸನ, ಸಕಲೇಶಪುರ, ಶಿರಾಡಿ ಇಳಿದು ಮಂಗಳೂರು. ಅಲ್ಲಿಂದ ಉಡುಪಿ, ಹೆಬ್ರಿ, ಆಗುಂಬೆ ಹತ್ತಿ ತೀರ್ಥಹಳ್ಳಿ. ಹೊಸನಗರದ ಕಡೆ ಒಂದು ಸುತ್ತು ಹಾಕಿ ಶಿವಮೊಗ್ಗ ಮೇಲೆ ವಾಪಸ್. ಒಟ್ಟು 900 ಕಿ.ಮೀ. ಆಸುಪಾಸು.

ಕೈಯಲ್ಲಿರೋ ಸಾಮಾನು: ಮೆಶ್ ಜಾಕೆಟ್ (ಗಾಳಿಯಾಡೋ ಬಲೆ ಬಟ್ಟೆಯದು, ಒಳಗೆ ತೆಗೆದು ಹಾಕೋ ರೇನ್ ಲೈನರ್ ಇದೆ), ಅದೇ ತರದ ಪ್ಯಾಂಟ್, ಮೇಲೆ ಹಾಕೋ ಎರಡು ಪೀಸ್ ರೇನ್ ಸೂಟ್, ವಾಟರ್‌ಪ್ರೂಫ್ ಅಂತ ಬರೆದಿರೋ ಗ್ಲೌಸ್, ಕಣಕಾಲಿನ ಮೇಲೆ ಬರೋ ಬೂಟು. ಎಲ್ಲದರ ಮೇಲೂ ವಾಟರ್‌ಪ್ರೂಫ್ ಅಂತ ಇದೆ, ಆದ್ರೆ ಒಂದೂ ದೊಡ್ಡ ಮಳೆ ನೋಡಿಲ್ಲ.

ಮೂರು ವಾರ ಟೈಮ್ ಇದೆ. ಮನೇಲೇ ಟೆಸ್ಟ್ ಮಾಡಿ ಯಾವುದು ಸೋರುತ್ತೆ ಅಂತ ಮೊದಲೇ ತಿಳ್ಕೊಳ್ಳೋದು ಹೇಗೆ? ಲೈನರ್ ಸಾಕಾ, ಮೇಲಿನ ಸೂಟೂ ಬೇಕಾ? ಗ್ಲೌಸ್ ತೋಳಿನ ಒಳಗಾ ಹೊರಗಾ?

ಹೊಲಿಗೆಟೇಪು

ಮೊದಲು ಒಂದು ಲೆಕ್ಕ ನೋಡಿ, ಆಮೇಲೆ ಎಲ್ಲಿ ಹುಡುಕಬೇಕು ಅಂತ ತಾನಾಗೇ ಗೊತ್ತಾಗುತ್ತೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರುಗಾಳಿ ಎದೆ ಮೇಲೆ ಹಾಕೋ ಒತ್ತಡ ಸುಮಾರು 30 ಮಿ.ಮೀ. ನೀರಿನ ಕಂಬದಷ್ಟು. ರೇನ್ ಸೂಟ್ ಚೀಟಿ ಮೇಲೆ 5,000, 10,000 ಮಿ.ಮೀ. ಅಂತ ಇರುತ್ತಲ್ಲ, ಅದೂ ನೀರಿನ ಕಂಬದ ಅಳತೆಯೇ. ಹನಿ ಬಂದು ಹೊಡೆಯೋ ಪೆಟ್ಟು ಗಾಳಿಗಿಂತ ಜೋರು, ಆದ್ರೆ ಕ್ಷಣಮಾತ್ರ. ಹಾಗಾಗಿ ಹೊಸ ಬಟ್ಟೆಯ ಎದೆ ಭಾಗ ಸೀದಾ ಸೋರೋದು ಅಪರೂಪ. ಸೋರೋದು ಹೊಲಿಗೆ, ಜಿಪ್ಪು, ಕತ್ತು, ಮಣಿಕಟ್ಟು, ತೊಡೆಸಂದು.

ಸೀಟಿನ ಲೆಕ್ಕ ಮಾತ್ರ ಬೇರೆ. ಒದ್ದೆ ಸೀಟಿನ ಮೇಲೆ ಕೂತಾಗ ಮೈಭಾರ ನೀರನ್ನ ಬಟ್ಟೆಯೊಳಕ್ಕೆ ಒತ್ತುತ್ತೆ. ಸರಾಸರಿ 600 ಮಿ.ಮೀ. ಹತ್ತಿರ, ಮೂಳೆ ಊರೋ ಕಡೆ ಅದರ ಹಲವು ಪಟ್ಟು, ಅದೂ ಗಂಟೆಗಟ್ಟಲೆ. ಪ್ಯಾಂಟಿನ ಕೂರೋ ಭಾಗದಲ್ಲಿ ಅಡ್ಡ ಹೊಲಿಗೆ ಇದ್ರೆ ಅಲ್ಲೇ ಶುರು.

ಟೆಸ್ಟ್ ಹೀಗೆ ಮಾಡಿ. ಮೆಶ್ ಜಾಕೆಟ್ ಒಳಗೆ ತೆಳು ಬೂದು ಬಣ್ಣದ ಕಾಟನ್ ಟೀ ಶರ್ಟ್ ಹಾಕಿ. ಬಿಳಿ ಅಥವಾ ಕಪ್ಪು ಬೇಡ, ಬೂದಿಯಲ್ಲಿ ಒಂದು ಹನಿ ಬಿದ್ರೂ ಕಲೆ ಎದ್ದು ಕಾಣುತ್ತೆ. ಅನುಮಾನ ಇರೋ ಕಡೆ ಕಾಗದದ ಪಟ್ಟಿ ಇಡಿ: ಎರಡು ಬೆರಳು ಅಗಲ ಕತ್ತರಿಸಿ, ನಡುವೆ ಇಂಕ್ ಪೆನ್ನಿಂದ ಒಂದು ಗೆರೆ ಎಳೆದು, ಹೊಲಿಗೆಯ ಒಳಮಗ್ಗುಲಿಗೆ ಪೇಪರ್ ಟೇಪಲ್ಲಿ ಅಂಟಿಸಿ. ಬಾಲ್ ಪೆನ್ ಆಗಲ್ಲ, ನೀರಲ್ಲಿ ಕಲಸಿಹೋಗೋ ಶಾಯಿನೇ ಬೇಕು. ನೀರು ತಾಗಿದ ಕಡೆ ಗೆರೆ ಹರಡಿ ಹೂವಿನ ಹಾಗೆ ಒಡೆಯುತ್ತೆ. ಎಷ್ಟು ನೀರು, ಯಾವ ಕಡೆಯಿಂದ ಬಂತು ಅನ್ನೋದು ಅದರ ಬಾಲದ ದಿಕ್ಕಲ್ಲೇ ಕಾಣುತ್ತೆ.

ಬೈಕ್ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್, ಸೈಲೆನ್ಸರ್ ತಣ್ಣಗೆ. ಹೆಲ್ಮೆಟ್, ಗ್ಲೌಸ್, ಬೂಟು ಎಲ್ಲ ಹಾಕಿ ಹ್ಯಾಂಡಲ್ ಹಿಡಿದು ಕೂರಿ. ನಿಂತು ಮಾಡಿದ ಟೆಸ್ಟ್ ಲೆಕ್ಕಕ್ಕಿಲ್ಲ, ಯಾಕಂದ್ರೆ ಕೂತಾಗಲೇ ಹೊಟ್ಟೆ ಹತ್ತಿರ ಮಡಿಕೆ ಬಿದ್ದು ನೀರು ನಿಲ್ಲೋದು. ಇನ್ನೊಬ್ಬರು ಪೈಪ್ ಹಿಡಿದು ಬಾಯಿಗೆ ಹೆಬ್ಬೆರಳು ಒತ್ತಿ, ಒಂದು ಮೀಟರ್ ದೂರದಿಂದ ಮೊದಲು 10 ನಿಮಿಷ ಮೇಲಿಂದ, ಆಮೇಲೆ 10 ನಿಮಿಷ ಮುಂದಿನಿಂದ ಹಾಯಿಸಲಿ. ನಡುವೆ ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿ, ಒಂದೊಂದೇ ಕಾಲು ಕೆಳಗಿಡಿ, ಕೈ ಎತ್ತಿ ವೈಸರ್ ಒರೆಸಿ. ಕೈ ಎತ್ತಿದ ಆ ಒಂದು ಕ್ಷಣದಲ್ಲಿ ಗ್ಲೌಸ್ ಮೇಲಿನ ನೀರು ಸೀದಾ ಮೊಣಕೈ ಕಡೆ ಓಡುತ್ತೆ.

ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ಗನ್ ಮಾತ್ರ ಬೇಡ. ಆ ಒತ್ತಡಕ್ಕೆ ಚೆನ್ನಾಗಿರೋ ಸೀಮ್ ಟೇಪೂ (ಹೊಲಿಗೆಯ ತೂತು ಮುಚ್ಚೋಕೆ ಒಳಗೆ ಅಂಟಿಸಿರೋ ಪಟ್ಟಿ) ಕಿತ್ತುಬರುತ್ತೆ, ಇಲ್ಲದ ದೋಷ ಹುಟ್ಟುತ್ತೆ. ನೀರಿಗೆ ಕಷ್ಟ ಇದ್ರೆ ಗಿಡಕ್ಕೆ ಹಾಕೋ ಜರಡಿ ಬಾಯಿಯ ಕ್ಯಾನಲ್ಲಿ ಕತ್ತು, ಮಣಿಕಟ್ಟು, ತೊಡೆಸಂದು ಮೂರಕ್ಕೆ ಮಾತ್ರ ತಲಾ ಒಂದು ಬಕೆಟ್ ಹಾಕಿದ್ರೂ ಮುಕ್ಕಾಲು ವಿಷಯ ತಿಳಿಯುತ್ತೆ.

ಘಾಟಿಬದಿ

ಲೈನರ್ ಪ್ರಶ್ನೆಗೆ ಬರ್ತೀನಿ. ಈ ರೂಟಿಗೆ ಒಳಗಿನ ಲೈನರ್ ನಂಬಿಕೊಂಡು ಹೋಗಬೇಡಿ, ಮೇಲಿನ ಸೂಟೇ ಹಾಕಿ. ಮೂರು ಕಾರಣ ಇದೆ.

ಲೈನರ್ ಒಳಗಿದ್ರೆ ಹೊರಗಿನ ಮೆಶ್ ಜಾಕೆಟ್ಟು, ಅದರ ಪ್ಯಾಡು, ಫೋಮು ಎಲ್ಲ ನೀರು ಕುಡಿಯುತ್ತೆ. ಜಾಕೆಟ್ ಒಂದು ಲೀಟರ್ ನೀರು ಹಿಡೀತು ಅನ್ನಿ. ಮಳೆ ಬಿಟ್ಟ ಮೇಲೆ ಓಡೋ ಗಾಳಿಗೆ ಆ ನೀರು ಆವಿಯಾಗೋಕೆ ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಅದರಲ್ಲಿ ಒಂದು ಪಾಲು ನಿಮ್ಮ ಮೈಯಿಂದಲೇ ಹೋಗುತ್ತೆ. ಜುಲೈ ತಿಂಗಳಲ್ಲಿ ಆಗುಂಬೆ ಮೇಲೆ ಹಗಲಲ್ಲೂ 20–22 ಡಿಗ್ರಿ ಇರೋದು ಸಾಮಾನ್ಯ. ಚರ್ಮ ಒಣಗಿದ್ರೂ ನಡುಕ ಹತ್ತೋದು ಇದಕ್ಕೇ. ನಡುಗೋ ಕೈಯಲ್ಲಿ ಕ್ಲಚ್ಚು ಬ್ರೇಕಿನ ಅಂದಾಜು ತಪ್ಪುತ್ತೆ, ಅದೂ 14 ಹೇರ್‌ಪಿನ್ ತಿರುವಿನ ಘಾಟಿಯಲ್ಲಿ.

ಎರಡನೇದು, ಲೈನರ್ ಹಾಕೋಕೆ ಜಾಕೆಟ್ ಬಿಚ್ಚಬೇಕು. ಮಳೆ ಶುರುವಾದ ಮೇಲೆ ಬಿಚ್ಚಿದ್ರೆ ಒಳಗಿನ ಬಟ್ಟೆ ಅಲ್ಲೇ ನೆನೆಯುತ್ತೆ. ಮೂರನೇದು, ಹೊರಗಿನ ಜೇಬಲ್ಲಿ ಇಟ್ಟ ಆರ್‌ಸಿ, ದುಡ್ಡು, ಫೋನು ಎಲ್ಲ ಲೈನರಿನ ಹೊರಗಡೆ ಇರುತ್ತೆ.

ಸೂಟ್ ಹಾಕೋದನ್ನೂ ಟೆಸ್ಟ್ ಮಾಡಿ, ಇದನ್ನ ಯಾರೂ ಮಾಡಲ್ಲ. ಬೂಟು ಕಾಲಲ್ಲೇ ಇರಲಿ, ಬೈಕ್ ಪಕ್ಕ ನಿಂತು ಪ್ಯಾಂಟು, ಜಾಕೆಟ್ಟು ಹಾಕಿ ಮುಗಿಸೋಕೆ ಎಷ್ಟು ನಿಮಿಷ ಅಂತ ನೋಡಿ. ಐದು ನಿಮಿಷ ದಾಟಿದ್ರೆ ಪ್ಯಾಂಟಿನ ಕಾಲಿನ ಜಿಪ್ಪು ಗಿಡ್ಡ ಅಂತ ಅರ್ಥ, ಮೊಣಕಾಲವರೆಗಾದ್ರೂ ಬಿಚ್ಚಬೇಕು. ಕೆಸರು ಬೂಟು ಸಿಕ್ಕಿಹಾಕಿಕೊಂಡ್ರೆ ಬೂಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ ತೂರಿಸಿ, ಸರ್ರನೆ ಜಾರುತ್ತೆ. ಸೂಟಿನ ಅಳತೆ ರೈಡಿಂಗ್ ಜಾಕೆಟ್ ಹಾಕಿಕೊಂಡೇ ನೋಡಬೇಕು. ಕೂತು ಕೈ ಚಾಚಿದಾಗ ಜಾಕೆಟ್ ಅಂಚು ಪ್ಯಾಂಟಿನ ಮೇಲೆ ಒಂದು ಗೇಣಾದ್ರೂ ಇಳಿದಿರಬೇಕು. ತೀರಾ ದೊಗಳೆ ಆದ್ರೆ ಗಾಳಿಗೆ ಪಟಪಟ ಹೊಡೆದು ಹೊಲಿಗೆ ಟೇಪು ಬಿಡುತ್ತೆ, ತೋಳಿನ ಪಟ್ಟಿ ಇದ್ರೆ ಬಿಗಿ ಮಾಡಿ.

ಶಿರಾಡಿ ಇಳಿಯೋ ಮುಂಚೆ ಸಕಲೇಶಪುರದಲ್ಲೇ ಸೂಟ್ ಹಾಕ್ಕೊಂಡುಬಿಡಿ, ಮಳೆ ಇರಲಿ ಬಿಡಲಿ. ಘಾಟಿಯೊಳಗೆ ಲಾರಿ ಟ್ಯಾಂಕರ್ ನಡುವೆ ರಸ್ತೆ ಅಂಚಲ್ಲಿ ಒಂಟಿಕಾಲಲ್ಲಿ ನಿಂತು ಪ್ಯಾಂಟ್ ಹಾಕೋ ಜಾಗ ಅದಲ್ಲ. ಮಲೆನಾಡಲ್ಲಿ ನಿಲ್ಲಿಸೋದಾದ್ರೆ ಹುಲ್ಲಿನ ಮೇಲೆ ಕಾಲಿಡಬೇಡಿ, ಡಾಂಬರಿನ ಮೇಲೇ ಇರಿ. ಇಂಬಳ (ಜಿಗಣೆ) ಬೂಟಿನ ನಾಲಿಗೆ ಸಂದಿಯಿಂದ ಒಳಗೆ ಹೋಗೋಕೆ ಎರಡು ನಿಮಿಷ ಸಾಕು.

ಕರಾವಳಿಗಾಳಿ

ಘಾಟಿಬದಿ ಅಣ್ಣ ಹೇಳಿದ್ದು ಘಟ್ಟದ ಮೇಲಕ್ಕೆ ಸರಿ. ಕೆಳಗೆ ಇಳಿದ ಮೇಲೆ ಸಮಸ್ಯೆ ತಲೆಕೆಳಗು, ಅಲ್ಲಿ ಬೆವರೇ ಶತ್ರು.

ಉಸಿರಾಡೋ ಬಟ್ಟೆ ಅಂತ ಮಾರೋ ಮೆಂಬ್ರೇನು (ನೀರು ತಡೆದು ಆವಿ ಮಾತ್ರ ಬಿಡೋ ತೆಳು ಪದರ) ಕೆಲಸ ಮಾಡೋದು ಒಳಗಿನ ಆವಿ ಒತ್ತಡ ಹೊರಗಿನದಕ್ಕಿಂತ ಜಾಸ್ತಿ ಇದ್ದಾಗ. ಚರ್ಮದ ಹತ್ತಿರ 33 ಡಿಗ್ರಿಯಲ್ಲಿ ಅದು ಸುಮಾರು 5 ಕಿಲೋಪಾಸ್ಕಲ್. ಯುರೋಪಿನ 10 ಡಿಗ್ರಿ ಮಳೆಯಲ್ಲಿ ಹೊರಗೆ 1.2ರ ಹತ್ತಿರ. ಮಂಗಳೂರು–ಉಡುಪಿ ನಡುವೆ 27 ಡಿಗ್ರಿ, 95% ತೇವ ಇದ್ರೆ ಹೊರಗೆ 3.4. ಅಂದ್ರೆ ಬೆವರನ್ನ ಹೊರಗೆ ತಳ್ಳೋ ಶಕ್ತಿ ಅಲ್ಲಿಗಿಂತ ಅರ್ಧಕ್ಕೂ ಕಡಿಮೆ. ಇಲ್ಲಿ ದುಬಾರಿ ಮೆಂಬ್ರೇನೂ ಒಳಗೆ ಒದ್ದೆಯಾಗುತ್ತೆ, ಅದು ಸೋರಿಕೆ ಅಲ್ಲ. ಇದನ್ನ ತಿಳಿಯದೆ ಒಳ್ಳೆ ಸೂಟನ್ನ ಬೈದು ಎಸೆಯೋರು ಬಹಳ.

ಎರಡನ್ನೂ ಬೇರೆ ಮಾಡೋದು ಕಷ್ಟ ಇಲ್ಲ. ಬೆವರಾದ್ರೆ ಬೆನ್ನು, ಮೇಲ್ತೋಳು, ಎದೆ ಎಲ್ಲ ಕಡೆ ಒಂದೇ ಸಮ ತೇವ, ಬೆಚ್ಚಗೆ ಅಂಟಂಟು. ಸೋರಿಕೆ ಆದ್ರೆ ಒಂದೇ ಕಡೆ, ಅಂಚು ಸ್ಪಷ್ಟ ಇರೋ ತಣ್ಣನೆ ಕಲೆ, ಒಂದು ಜಿಪ್ಪು ಅಥವಾ ಹೊಲಿಗೆಯಿಂದ ಕೆಳಕ್ಕೆ ಬಾಲ. ಪೈಪ್ ಟೆಸ್ಟ್ ಮಾಡೋ ಹಿಂದಿನ ದಿನ ಅದೇ ಸೂಟ್ ಹಾಕಿ ನೀರಿಲ್ಲದೆ 20 ನಿಮಿಷ ಕೂತು ಟೀ ಶರ್ಟ್ ನೋಡಿ. ಬೆವರಿನ ನಕ್ಷೆ ಸಿಗುತ್ತೆ, ಮಾರನೆ ದಿನದ್ದರಲ್ಲಿ ಅದನ್ನ ಕಳೆದು ಓದಿ.

ಸವಾರಿಯಲ್ಲಿ ಒಳಗಡೆ ಕಾಟನ್ ಬೇಡ, ಬೇಗ ಒಣಗೋ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ. ಬೂದು ಕಾಟನ್ ಟೆಸ್ಟಿಗೆ ಮಾತ್ರ.

ಗ್ಲೌಸ್ ಒಳಗಾ ಹೊರಗಾ ಅಂದ್ರೆ: ನೇರ ಕೂತು ಓಡಿಸೋ 350ರಲ್ಲಿ ಮಣಿಕಟ್ಟು ಮೊಣಕೈಗಿಂತ ಕೆಳಗಿರುತ್ತೆ, ಭುಜದ ನೀರು ತೋಳಿನಿಂದ ಕೈ ಕಡೆ ಇಳಿಯುತ್ತೆ. ಗ್ಲೌಸ್ ಬಾಯಿ ಹೊರಗಿದ್ರೆ ಅದು ಬಟ್ಟಲು. ಆದ್ದರಿಂದ ಗ್ಲೌಸ್ ಒಳಗೆ, ರೇನ್ ಸೂಟಿನ ತೋಳು ಮೇಲೆ, ವೆಲ್ಕ್ರೋ ಬಿಗಿ. ಹ್ಯಾಂಡಲ್ ಎತ್ತರ ಇರೋ ಬೈಕಾದ್ರೆ ನೀರು ಉಲ್ಟಾ ಓಡುತ್ತೆ, ಅವರಿಗೆ ಹೊರಗೇ ಸರಿ. ನಿಮ್ಮದು ಯಾವುದು ಅಂತ ಶಾಯಿ ಪಟ್ಟಿ ಹೇಳುತ್ತೆ, ವಾದ ಬೇಡ.

ಗ್ಲೌಸ್ ಟೆಸ್ಟಿಗೆ ಬೆರಳ ತುದಿಗೆ ಟಿಶ್ಯೂ ಸುತ್ತಿ ಗ್ಲೌಸ್ ಹಾಕಿ, ಬಾಯಿ ಎರಡು ಬೆರಳು ಮೇಲಿರೋ ಹಾಗೆ ಬಕೆಟಲ್ಲಿ ಮುಳುಗಿಸಿ 50 ಸಲ ಮುಷ್ಟಿ ಕಟ್ಟಿ ಬಿಚ್ಚಿ. ತೆಗೆಯುವಾಗ ಬೆರಳ ಒಳಪದರ ಹೊರಗೆ ಕಿತ್ತುಬಂದ್ರೆ ಆ ಗ್ಲೌಸ್ ಮಳೆಗೆ ಬೇಡವೇ ಬೇಡ. ಒದ್ದೆ ಕೈಯಲ್ಲಿ ಮತ್ತೆ ಹಾಕೋಕೇ ಆಗಲ್ಲ. ಸೋರಿದ್ರೂ ಹೊಸದು ತಗೋಬೇಕಂತಿಲ್ಲ, ಮೆಡಿಕಲ್ ಶಾಪಿನ ನೈಟ್ರೈಲ್ ಗ್ಲೌಸ್ ಒಳಗೆ ಹಾಕಿ. ಕೈ ಬೆವರುತ್ತೆ, ಆದ್ರೆ ಗಾಳಿಗೆ ಮರಗಟ್ಟಲ್ಲ. ದಿನಕ್ಕೆ ಎರಡು ಜೊತೆ ಲೆಕ್ಕ ಇಟ್ಟುಕೊಳ್ಳಿ.

ಬೂಟುಬಕೆಟ್ಟು

ಬೂಟು, ಹೆಲ್ಮೆಟ್ ಯಾರೂ ಮುಟ್ಟಿಲ್ಲ, ಅವೆರಡು ನಾನು ಹೇಳ್ತೀನಿ.

ಬೂಟಿಗೆ ಎರಡು ಟೆಸ್ಟ್ ಬೇಕು, ಎರಡನ್ನೂ ಬೆರೆಸಬೇಡಿ. ಮೊದಲು ಸಾಕ್ಸ್ ಮೇಲೆ ಟಿಶ್ಯೂ ಸುತ್ತಿ ಕಣಕಾಲು ಮುಳುಗದಷ್ಟು ನೀರಿನ ಟಬ್ಬಲ್ಲಿ 10 ನಿಮಿಷ ನಿಂತು, ಹಿಮ್ಮಡಿ ಎತ್ತಿ ಇಳಿಸಿ ಮಾಡಿ. ಎಡಗಾಲ ಹೆಬ್ಬೆರಳ ಮೇಲೆ ಒದ್ದೆ ಬಂದ್ರೆ ಆಶ್ಚರ್ಯ ಬೇಡ, ಗೇರ್ ಲಿವರ್ ಉಜ್ಜಿ ಉಜ್ಜಿ ಅಲ್ಲಿನ ಹೊಲಿಗೆ ಮೊದಲು ಸವೆಯುತ್ತೆ. ಎರಡನೇದು ಕೂತ ಭಂಗಿಯಲ್ಲಿ ಮೊಣಕಾಲ ಮೇಲಿಂದ ನೀರು ಹುಯ್ಯೋದು. ಬಹುಪಾಲು ಬೂಟು ಮೊದಲನೇದರಲ್ಲಿ ಪಾಸ್, ಎರಡನೇದರಲ್ಲಿ ಫೇಲ್. ಪ್ಯಾಂಟ್ ಬೂಟಿನ ಒಳಗೆ ಸಿಕ್ಕಿಸಿದ್ರೆ, ಇಲ್ಲಾ ಕೂತಾಗ ಪ್ಯಾಂಟ್ ಮೇಲೆ ಸರಿದು ಬೂಟಿನ ಬಾಯಿ ಕಂಡ್ರೆ ನೀರು ಸೀದಾ ಒಳಗೆ. ವಾಟರ್‌ಪ್ರೂಫ್ ಬೂಟಾದ್ರೆ ಇನ್ನೂ ಕಷ್ಟ, ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರಿ ಇಲ್ಲ. ಪ್ಯಾಂಟ್ ಹೊರಗೇ ಇರಲಿ, ತಳದಲ್ಲಿ ಬೂಟಿನ ಕೆಳಗೆ ಸಿಕ್ಕಿಸೋ ಎಲಾಸ್ಟಿಕ್ ಪಟ್ಟಿ ಇಲ್ಲದಿದ್ರೆ ಟೈಲರ್ ಹತ್ತಿರ ಹೊಲಿಸಿ.

ಪ್ಲಾಸ್ಟಿಕ್ ಶೂ ಕವರ್ ಹಾಕೋರು ತಳ ನೋಡ್ಕೊಳ್ಳಿ. ನುಣುಪು ತಳ ಫುಟ್‌ರೆಸ್ಟ್ ಮೇಲೂ ಸಿಮೆಂಟ್ ನೆಲದ ಮೇಲೂ ಜಾರುತ್ತೆ. ರೇನ್ ಪ್ಯಾಂಟಿನ ಬಲಗಾಲು ಸೈಲೆನ್ಸರ್ ಬೆಂಡಿಗೆ ತಾಗುತ್ತಾ ಅಂತ ಕೂತು ನೋಡಿ, ತಾಗಿದ್ರೆ ಹತ್ತು ಕಿಲೋಮೀಟರಿಗೆ ಕರಗಿ ಪೈಪಿಗೆ ಅಂಟುತ್ತೆ.

ಹೆಲ್ಮೆಟ್: ಮೇಲಿನ ವೆಂಟ್ ಮುಚ್ಚಿ, ವೈಸರ್ ಮುಚ್ಚಿ, ಹಣೆಯ ರಬ್ಬರ್ ಮೇಲೆ ನೀರು ಬಿಡಿ. ವೈಸರಿನ ಒಳಮೈಯಲ್ಲಿ ಮೇಲಿಂದ ಗೆರೆ ಇಳಿದ್ರೆ ರಬ್ಬರ್ ಕೂರ್ತಿಲ್ಲ. ಕೆಲವು ಹೆಲ್ಮೆಟಲ್ಲಿ ವೈಸರಿನ ಬೇಸ್ ಪ್ಲೇಟ್ ಸ್ಕ್ರೂ ಸಡಿಲಿಸಿ ಹಿಂದಕ್ಕೆ ಸರಿಸಬಹುದು. ಮಂಜು ಕಟ್ಟೋದಕ್ಕೆ ಪಿನ್‌ಲಾಕ್ (ವೈಸರ್ ಒಳಗೆ ಪಿನ್ ಮೇಲೆ ಕೂರೋ ಎರಡನೇ ತೆಳು ಹಾಳೆ) ಹಾಕೋ ವೈಸರ್ ಇದ್ರೆ ಅದೇ ಉತ್ತಮ. ಅದರ ಸುತ್ತಲಿನ ಸಿಲಿಕೋನ್ ಗೆರೆ ಪೂರ್ತಿ ವೈಸರಿಗೆ ಒತ್ತಿರಬೇಕು. ಎರಡು ಪದರದ ನಡುವೆ ಮಂಜು ಕಂಡ್ರೆ ಪಿನ್ ತಿರುಗಿಸಿ ಬಿಗಿ ಮಾಡಿ. ಆ ಹಾಳೆ ತೇವ ಹೀರ್ಕೊಳ್ಳುತ್ತೆ, ದಿನವಿಡೀ ಮಳೆ ಆದ್ರೆ ರಾತ್ರಿ ಬಿಚ್ಚಿ ಒಣಗಿಸಿ, ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಪಿನ್‌ಲಾಕ್ ಇಲ್ಲದಿದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಒಳಮೈಗೆ ತೆಳ್ಳಗೆ ಸವರಿ, ಗೆರೆ ಹೋಗೋವರೆಗೆ ಒರೆಸಿ. ಅರ್ಧ ದಿನ ಸಾಕಾಗಬಹುದು. ಕಪ್ಪು ವೈಸರ್ ಮನೇಲೇ ಬಿಡಿ, ಮಳೆಗಾಲದ ಆಗುಂಬೆಯಲ್ಲಿ ಮಧ್ಯಾಹ್ನ ಮೂರಕ್ಕೇ ಮುಸ್ಸಂಜೆ.

ಕತ್ತಿಗೆ ಹಾಕೋ ಬಫ್ ರೇನ್ ಜಾಕೆಟ್ ಕಾಲರಿನಿಂದ ಒಂದು ಬೆರಳು ಹೊರಗಿದ್ರೂ ದೀಪದ ಬತ್ತಿಯ ಹಾಗೆ ನೀರು ಎಳೆದು ಎದೆವರೆಗೆ ಇಳಿಸುತ್ತೆ. ಪೂರ್ತಿ ಒಳಗಿರಲಿ, ಇಲ್ಲಾ ಬಿಟ್ಟುಬಿಡಿ.

ಮಳೆದಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೈಪ್ ಟೆಸ್ಟ್ ಆಯ್ತು. ಕತ್ತು, ಕೈ ಒಣ. ಪ್ಯಾಂಟಿನ ಮುಂದೆ, ಹೊಟ್ಟೆ ಕೆಳಗೆ, ಅಂಗೈ ಅಗಲ ಒದ್ದೆ, ಶಾಯಿ ಗೆರೆ ಪೂರ್ತಿ ಕಲಸಿಹೋಗಿದೆ. ಜಿಪ್ಪಾ, ಹೊಲಿಗೆನಾ? ಸರಿ ಮಾಡಬಹುದಾ, ಹೊಸದೇ ತಗೋಬೇಕಾ?

ಹೊಲಿಗೆಟೇಪು

ಅದು ಎಲ್ಲ ಬೈಕಿನಲ್ಲೂ ಮೊದಲು ಸೋರೋ ಜಾಗ. ಟ್ಯಾಂಕಿನ ಮೇಲೆ ಬಿದ್ದ ನೀರು ಹರಿದು ಬಂದು ಟ್ಯಾಂಕಿಗೂ ನಿಮಗೂ ನಡುವೆ ಕೆರೆ ಕಟ್ಟುತ್ತೆ. ಹೊಸದು ತಗೊಳ್ಳೋ ಮುಂಚೆ ಹೀಗೆ ನೋಡಿ.

ಪ್ಯಾಂಟ್ ಒಣಗಿಸಿ ಒಳಮೈ ಹೊರಗೆ ತಿರುಗಿಸಿ. ಆ ಭಾಗವನ್ನ ಚೀಲದ ಹಾಗೆ ಎತ್ತಿ ಹಿಡಿದು, ಹೊರಮೈ ಕಡೆಯಿಂದ ಒಂದು ಲೀಟರ್ ನೀರು ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಟೇಪಿನ ಅಂಚಲ್ಲಿ ಹನಿ ಹನಿಯಾಗಿ ಸಾಲು ಕಟ್ಟಿದ್ರೆ ಹೊಲಿಗೆ. ಜಿಪ್ಪಿನ ಕೆಳತುದಿಯಲ್ಲಿ ಒಂದೇ ಕಡೆ ತೊಟ್ಟಿಕ್ಕಿದ್ರೆ ಜಿಪ್ಪಿನ ಹಿಂದಿನ ಬಟ್ಟೆಪಟ್ಟಿ ಕೊನೆವರೆಗೆ ಹೊಲಿದಿಲ್ಲ ಅಂತ. ಬಟ್ಟೆಯೇ ಬೆವರಿದ ಹಾಗೆ ಎಲ್ಲ ಕಡೆ ಒಸರಿದ್ರೆ ಕೋಟಿಂಗ್ ಹೋಗಿದೆ, ಅದಕ್ಕೆ ಮದ್ದಿಲ್ಲ. ಒಳಮೈ ಅಂಟಂಟಾಗಿ ಹೊಟ್ಟು ಉದುರ್ತಿದ್ರೂ ಅದೇ ಕಥೆ. ಒದ್ದೆ ಮಡಚಿಟ್ಟ ಪಿಯು (ಪಾಲಿಯುರೆಥೇನ್) ಕೋಟಿಂಗ್ ಹಾಗೇ ಕೊಳೆಯೋದು.

ಹೊಲಿಗೆ ಆದ್ರೆ ಎದ್ದ ಟೇಪು ಕಿತ್ತು, ಹಳೆ ಗೋಂದನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ. ಪಿಯು ಸೀಮ್ ಸೀಲರ್ ಅನ್ನ ಹೊಲಿಗೆಯ ಎರಡೂ ಬದಿ ಸೇರಿ 5–6 ಮಿ.ಮೀ. ಅಗಲ ತೆಳ್ಳಗೆ ಹಚ್ಚಿ, 24 ಗಂಟೆ ಹರಡಿ ಒಣಗಿಸಿ. ದಪ್ಪ ಹಚ್ಚಿದ್ರೆ ಮಡಿಕೆಯಲ್ಲಿ ಬಿರುಕು ಬಿಡುತ್ತೆ. ಸಿಲಿಕೋನ್ ಕೋಟಿಂಗ್ ಬಟ್ಟೆಗೆ ಪಿಯು ಹಿಡಿಯಲ್ಲ, ಅದಕ್ಕೆ ಸಿಲಿಕೋನ್ ಸೀಲರೇ ಬೇಕು. ಸೆಲೋ ಟೇಪ್ ಅಂಟಿಸಿ ನೋಡಿ, ಹಿಡಿಯದೆ ಜಾರಿ ಬಂದ್ರೆ ಅದು ಸಿಲಿಕೋನ್. ಆಮೇಲೆ ಅದೇ ಒಂದು ಲೀಟರ್ ಟೆಸ್ಟ್ ಮತ್ತೆ ಮಾಡಿ.

ಜಿಪ್ಪಾದ್ರೆ ಸುಲಭ ದಾರಿ: ಸೊಂಟದಲ್ಲಿ ಎಲಾಸ್ಟಿಕ್ ಮಾತ್ರ ಇರೋ, ಮುಂದೆ ಜಿಪ್ಪೇ ಇಲ್ಲದ ರೇನ್ ಪ್ಯಾಂಟ್ ಮಾತ್ರ ಬದಲಾಯಿಸಿ. ಜಾಕೆಟ್ ಹಾಗೇ ಇರಲಿ.

ಘಾಟಿಬದಿ

ಒಂದು ಸೇರಿಸ್ತೀನಿ. ಸರಿ ಮಾಡಿದ ಮೇಲೆ ನಿಜವಾದ ಮಳೆಯಲ್ಲಿ 80–100 ಕಿ.ಮೀ. ಓಡಿಸಿ, ಅದರಲ್ಲಿ ಅರ್ಧ ಗಂಟೆಯಾದ್ರೂ ಹೈವೇ ವೇಗ ಇರಲಿ. ಎದುರು ಲಾರಿ ಚಕ್ರದಿಂದ ಕೆಳಗಿನಿಂದ ಮೇಲಕ್ಕೆ ಹಾರೋ ನೀರನ್ನ ಪೈಪ್ ಟೆಸ್ಟ್ ತೋರಿಸಲ್ಲ.

ಬ್ಯಾಗಿಗೆ ಮೇಲಿನ ರೇನ್ ಕವರ್ ನಂಬಬೇಡಿ, ಚಕ್ರದ ನೀರು ಕೆಳಗಿನಿಂದ ತುಂಬಿ ಕವರಲ್ಲೇ ನಿಲ್ಲುತ್ತೆ. ಒಳಗೆ ಬಾಯಿ ಸುತ್ತೋ ಡ್ರೈ ಬ್ಯಾಗ್ ಇಡಿ, ಮೂರು ಸುತ್ತು ಪೂರ್ತಿ ಸುತ್ತಿ. ಗಾಳಿ ತುಂಬಿಸಿ ಬಕೆಟಲ್ಲಿ ಮುಳುಗಿಸಿದ್ರೆ ತೂತು ಇದ್ದ ಕಡೆ ಗುಳ್ಳೆ ಬರುತ್ತೆ, ಸೈಕಲ್ ಟ್ಯೂಬ್ ಪಂಕ್ಚರ್ ನೋಡೋ ಹಾಗೆ.

ರಾತ್ರಿ ತೀರ್ಥಹಳ್ಳಿ ಕಡೆ ಹೋಮ್‌ಸ್ಟೇಯಲ್ಲಿ ಬಚ್ಚಲ ಒಲೆ ಇದ್ರೆ ಬೂಟು ಗ್ಲೌಸು ಅದರ ಪಕ್ಕ ಇಡೋ ಆಸೆಯಾಗುತ್ತೆ. ಬೇಡ, ಮೆಂಬ್ರೇನ್ ಅಂಟಿಸಿರೋ ಗೋಂದು ಬಿಸಿಗೆ ಬಿಡುತ್ತೆ, ಚರ್ಮ ಬಿರಿಯುತ್ತೆ. ಬೂಟಿನ ಇನ್‌ಸೋಲ್ ತೆಗೆದು ಒಳಗೆ ನ್ಯೂಸ್ ಪೇಪರ್ ತುರುಕಿ, ಒಂದು ಗಂಟೆಗೆ ಬದಲಿಸಿ, ಮಲಗೋ ಮುಂಚೆ ಇನ್ನೊಮ್ಮೆ ಬದಲಿಸಿ ಫ್ಯಾನ್ ಕೆಳಗಿಡಿ. ಸೂಟ್ ಮೊದಲು ಒಳಮೈ ಹೊರಗೆ ತೂಗುಹಾಕಿ, ಬೆಳಿಗ್ಗೆ ತಿರುಗಿಸಿ. ಮನೆಗೆ ಬಂದ ದಿನವೇ ಎಲ್ಲ ಬಿಚ್ಚಿ ಹರಡಿ. ಎರಡು ದಿನ ಬ್ಯಾಗಲ್ಲೇ ಬಿಟ್ರೆ ಬೂಷ್ಟು ಹಿಡಿಯುತ್ತೆ. ತೊಳೆಯೋದಾದ್ರೆ ಸೌಮ್ಯ ಸೋಪು ಸಾಕು, ಬಟ್ಟೆ ಮೆದು ಮಾಡೋ ಕಂಡೀಷನರ್ ಹಾಕಬೇಡಿ.